ಎದೆಗೊತ್ತಿಕೊಂಡ ಸ್ಲೇಟುಗಳು

ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಅವನಿಗೆ ತನ್ನ ತುಟಿಗಳು ತಾವಾಗಿಯೇ ಅಲುಗಾಡುತ್ತಿವೆ ಎಂದು ಗೊತ್ತಾದದ್ದು, ಎದುರು ಸೀಟಿನಲ್ಲಿ ಕೂತಿದ್ದ ಹೆಂಗಸು ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಾಗ. ನಕ್ಕುಬಿಟ್ಟ. ನಕ್ಕದ್ದು ಇನ್ನೂ ತಪ್ಪಾಯಿತು. ಅವಳು ಪೂರ್ತಿ ಕಿಟಕಿಯ ಕಡೆಗೇ ತಿರುಗಿದಳು. ಬರೆಯಿರಿ, ಎದೆಗೊತ್ತಿಕೊಳ್ಳಿ, ತೋರಿಸಿ. ಇಡೀ ಪಾಠದಲ್ಲಿ ತಾನು ಜೋರಾಗಿ ಆಡಬೇಕಾದದ್ದು ಇಷ್ಟೇ, ಉಳಿದದ್ದು ಮಕ್ಕಳ ಪಾಲು ಎಂದು ನಿರ್ಧರಿಸಿಕೊಂಡು ಹೊರಟಿದ್ದ. ಆದರೆ ಆ ಮೂರು ಮಾತು ಬಾಯೊಳಗೆ ಹುರಿದ ಕಾಳಿನ ಹಾಗೆ ಸಿಡಿಯುತ್ತಿದ್ದವು. ಈ ವಯಸ್ಸಿನಲ್ಲಿ ಇಂಥ ಪುಳಕ ಸರಿಯೇ ಎಂದು ತನ್ನನ್ನೇ ಗದರಿಸಿಕೊಂಡ. ಕಿವಿಯ ಮೇಲೆ ಬಿಳಿ ಕೂದಲು ಬಂದವನು, ಐದನೇ ತರಗತಿ ಓದುವ ಮಗಳಿರುವವನು, ಬಟ್ಟೆ ಅಂಗಡಿಯ ಕೌಂಟರಿನ ಹಿಂದೆ ಅರ್ಧ ಆಯುಸ್ಸು ಕಳೆದವನು, ಇವತ್ತು ಮೊದಲ ಸಲ ನಾಟಕದಲ್ಲಿ ಪಾತ್ರ ಸಿಕ್ಕ ಹುಡುಗನ ಹಾಗೆ ಹೊಟ್ಟೆಯೊಳಗೆ ಗಾಳಿ ತುಂಬಿಕೊಂಡು ಹೊರಟಿದ್ದ. ಭಯವೂ ಇತ್ತು. ಇದು ಎರಡನೆಯ ಪರೀಕ್ಷಾ ಪಾಠ, ಮೂರನೆಯದು ಇಲ್ಲ. ತರಬೇತಿ ಕೇಂದ್ರದ ಮೇಡಂ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಆಗಬಹುದು ಎಂದರೆ ಇದೇ ಶಾಲೆಯಲ್ಲಿ ಮೇಷ್ಟರು; ಇಲ್ಲವೆಂದರೆ ಮತ್ತೆ ಕೌಂಟರು, ಮತ್ತೆ ಬಟ್ಟೆಯ ಥಾನು ಬಿಚ್ಚುವುದು, ಮತ್ತೆ ಸುತ್ತುವುದು. ಕೆಲಸ ಬಿಟ್ಟ ದಿನ ಮಾಲೀಕ ಬೆನ್ನು ತಟ್ಟಿ, "ಹೋಗಿ ಬಾ. ಬಾಗಿಲು ತೆಗೆದೇ ಇರುತ್ತೆ," ಎಂದಿದ್ದ. ಒಳ್ಳೆಯ ಮಾತೇ. ಆದರೆ ಆ ತೆರೆದ ಬಾಗಿಲು ಅವತ್ತಿನಿಂದ ಇವನ ಬೆನ್ನಿಗೇ ಅಂಟಿಕೊಂಡಿತ್ತು, ತಣ್ಣನೆ ಗಾಳಿ ಬೀಸುತ್ತ.

ಮೊದಲನೆಯ ಪಾಠದ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು. ಎಷ್ಟು ಚೆನ್ನಾಗಿ ಮಾತಾಡಿದ್ದ! ಭಿನ್ನರಾಶಿಯನ್ನು ಒಳ್ಳೆಯ ಸೀರೆ ಬಿಚ್ಚಿದಂತೆ ಬಿಚ್ಚಿ, ಅಂಚು ತೋರಿಸಿ, ಸೆರಗು ತೋರಿಸಿ, ಬೆಳಕಿಗೆ ಹಿಡಿದು ಮೆರೆಸಿದ್ದ. ಮಕ್ಕಳು ಕಣ್ಣರಳಿಸಿ ಕೇಳಿದ್ದರು, ನಡುನಡುವೆ ನಕ್ಕಿದ್ದರು. ಕೊನೆಗೆ ಅವನು ಕೈಯ ಧೂಳು ಕೊಡವಿಕೊಂಡು "ಅರ್ಥ ಆಯ್ತಾ?" ಎಂದಾಗ ಇಡೀ ಕೋಣೆ "ಆಯ್ತೂ ಸಾರ್" ಎಂದು ಹಾಡಿತ್ತು. ಮೇಡಂ ಎದ್ದು ಬಂದು, ಮೊದಲ ಬೆಂಚಿನ ಒಬ್ಬ ಹುಡುಗಿಯ ಹತ್ತಿರ ಮೊಣಕಾಲೂರಿ ಕೂತು, ಮೆಲ್ಲಗೆ, "ಅರ್ಧ ದೊಡ್ಡದೋ ಮೂರನೇ ಒಂದು ದೊಡ್ಡದೋ ಪುಟ್ಟಿ?" ಎಂದು ಕೇಳಿದ್ದರು. ಹುಡುಗಿ ಮೇಷ್ಟರನ್ನೊಮ್ಮೆ ನೋಡಿ, ಅವರಿಗೆ ಬೇಜಾರಾಗದಿರಲಿ ಎನ್ನುವಂತೆ ನಕ್ಕು, "ಮೂರನೇ ಒಂದು," ಎಂದಿದ್ದಳು. ಆ ನಗು! ಬಯ್ದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಅಂಗಡಿಯಲ್ಲಿ ಅಂಥ ನಗುವನ್ನು ದಿನಾ ನೋಡಿದವನಲ್ಲವೆ ಅವನು? ಹತ್ತು ಥಾನು ಬಿಚ್ಚಿಸಿ, ಎಲ್ಲದಕ್ಕೂ ಹೌದು ಹೌದು ಎಂದು ತಲೆಯಾಡಿಸಿ, ಮನೆಯಲ್ಲಿ ಕೇಳಿಕೊಂಡು ಬರ್ತೀವಿ ಎಂದು ಇಳಿದುಹೋಗುವವರ ನಗು. ತಲೆಯಾಡಿಸುವುದು ಬೇರೆ, ಕೊಳ್ಳುವುದು ಬೇರೆ ಎಂದು ಅಲ್ಲಿ ಗೊತ್ತಿದ್ದದ್ದು ಇಲ್ಲಿಗೆ ಬರುವಾಗ ಯಾಕೆ ಮರೆತುಹೋಯಿತು? ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಚಪ್ಪಲಿಯನ್ನೂ ಬಿಚ್ಚದೆ ಅವನ ಅಂಗಿಯ ಸಡಿಲ ಗುಂಡಿಗೆ ಎರಡು ಹೊಲಿಗೆ ಹಾಕುತ್ತ ಹೆಂಡತಿ ಹೇಳಿದ್ದಳು: "ರೀ, ಈ ಸಲ ಬಾಯಿಗೆ ಬೀಗ ಹಾಕ್ಕೊಂಡು ಹೋಗಿ. ಬೀಗದ ಕೈ ಬೇಕಾದ್ರೆ ನಂಗೇ ಕೊಟ್ಟು ಹೋಗಿ." ಅವಳ ಕಣ್ಣ ಕೆಳಗೆ ಕಪ್ಪು. ಅವನು ಓದಲಿ ಎಂದು ವರ್ಷವಿಡೀ ಇನ್ನೊಬ್ಬರ ಪಾಳಿಯನ್ನೂ ಮಾಡಿದವಳು. ಹಲ್ಲಿನಿಂದ ದಾರ ಕಡಿಯುವಾಗ ಅವಳ ಹಣೆ ಅವನ ಎದೆಗೆ ತಾಗಿತು. ಒಂದು ಗಳಿಗೆ ಹಾಗೇ ಇಟ್ಟುಕೊಂಡಳು. ಪ್ರೀತಿಗೋ ನಿದ್ದೆಗೋ ಕೇಳಲಿಲ್ಲ ಅವನು.

ರೂಪಣಾತ್ಮಕ ಮೌಲ್ಯಮಾಪನ ಎಂಬ ಹೆಸರನ್ನು ಮೊದಲ ಸಲ ಕೇಳಿದಾಗ ತರಬೇತಿಯ ಕೋಣೆಯಲ್ಲಿ ಯಾರೋ ಕೆಮ್ಮಿದ್ದರು. "ಹೆಸರು ದೊಡ್ಡದು, ಕೆಲಸ ಸಣ್ಣದು," ಎಂದಿದ್ದರು ಮೇಡಂ, ಸಣ್ಣ ಆಳು, ದೊಡ್ಡ ಕನ್ನಡಕ, ಯಾವತ್ತೂ ಸೀಮೆಸುಣ್ಣದ ಪುಡಿ ಹತ್ತಿದ ತೋಳು. "ಪಾಯಸ ಬಡಿಸಿ ಆದ್ಮೇಲೆ ಸಕ್ಕರೆ ಕಮ್ಮಿ ಆಯ್ತು ಅಂತ ಗೊತ್ತಾದ್ರೆ ಏನು ಬಂತು? ಒಲೆ ಮೇಲಿದ್ದಾಗಲೇ ಒಂದು ಚಮಚ ಬಾಯಿಗಿಟ್ಟು ನೋಡೋದು. ಅಷ್ಟೇ ಇದು. ವರ್ಷದ ಕೊನೇಲಿ ಅಂಕ ಹಾಕೋಕಲ್ಲ, ಮುಂದಿನ ಐದು ನಿಮಿಷ ಏನು ಮಾಡ್ಬೇಕು ಅಂತ ತಿಳ್ಕೊಳ್ಳೋಕೆ." ಆ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು: ಯಾರ ಬಾಯಲ್ಲಿ "ಅರ್ಥ ಆಯ್ತಾ" ಎಂಬ ಪ್ರಶ್ನೆ ಬಂದರೂ ಅವತ್ತು ಎಲ್ಲರ ಚಹಾದ ಲೋಟ ತೊಳೆಯುವ ಪಾಳಿ ಅವರದ್ದೇ. ಮೊದಮೊದಲು ಲೋಟಗಳೆಲ್ಲ ಇವನ ಕೈಯಲ್ಲೇ ಫಳಫಳ ಹೊಳೆದವು. ಇಪ್ಪತ್ತೆರಡರ ಹುಡುಗ ಹುಡುಗಿಯರ ನಡುವೆ ಅವನೊಬ್ಬನೇ ದೊಡ್ಡವನು. ಎರಡನೇ ದಿನಕ್ಕೇ ಅವನು ಅಂಕಲ್ ಆಗಿದ್ದ. "ಅಂಕಲ್, ನೀವು ಮಾತಾಡ್ಬೇಡಿ, ಲೋಟ ಖಾಲಿ ಇಲ್ಲ ಇನ್ನೂ," ಎಂದು ಕೂಗುವವಳು, ಅವನು ಗಡಿಬಿಡಿ ಎಂದು ಹೆಸರಿಟ್ಟಿದ್ದವಳು. ಅವಳು ನಡೆಯುವುದೂ ಓಡಿದ ಹಾಗೆ, ಉಣ್ಣುವುದೂ ಓಡಿದ ಹಾಗೆ. ಅವಳ ಹಿಂದೆ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಬರುವ ಉದ್ದಣ್ಣ, ಮಾತೇ ಇಲ್ಲದವನು, ನಗು ಬಂದರೆ ಗೋಡೆಯ ಕಡೆ ತಿರುಗಿ ನಗುವವನು. ಮೊದಲ ಪಾಠ ಕೆಟ್ಟ ದಿನ ಈ ಇಬ್ಬರೂ ಅವನ ಪಕ್ಕ ಕಾರಿಡಾರಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಸಮಾಧಾನ ಹೇಳಲು ಹೋಗಿರಲಿಲ್ಲ. ಮಾರನೇ ದಿನ ರಟ್ಟಿನಂಥ ಹಲಗೆ ತಂದು, ಕತ್ತರಿಸಿ, ಕಪ್ಪು ಬಣ್ಣ ಬಳಿದು, ತರಗತಿಯ ಮಕ್ಕಳಿಗೆಲ್ಲ ಒಂದೊಂದು ಸ್ಲೇಟು ಮಾಡಿದ್ದರು, ಮೂವರೂ ಸೇರಿ, ಅಂಗೈಯೆಲ್ಲ ಮಸಿ ಮಾಡಿಕೊಂಡು. "ನಿಮ್ಮನ್ನ ಪಾಸ್ ಮಾಡ್ಸದೆ ಬಿಡಲ್ಲ ನಾವು," ಎಂದಿದ್ದಳು ಗಡಿಬಿಡಿ. ಬರೀ ಮಾತು ಎಂದುಕೊಂಡಿದ್ದ.

ಈಗ ಆ ಸ್ಲೇಟುಗಳು ಅವನ ಮುಂದೆ, ಎಲ್ಲವೂ ಒಂದೊಂದು ಪುಟ್ಟ ಎದೆಗೆ ಅಂಟಿಕೊಂಡು. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತಿತ್ತು. ಹಿಂದಿನ ಗೋಡೆಗೆ ಒತ್ತಿ ಹಾಕಿದ ಬೆಂಚಿನಲ್ಲಿ ಮೇಡಂ, ಅವರ ಈ ಪಕ್ಕ ಗಡಿಬಿಡಿ, ಆ ಪಕ್ಕ ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ ಉದ್ದಣ್ಣ. ಕಪ್ಪುಹಲಗೆಯ ಮೇಲೆ ಅವನು ಬರೆದಿದ್ದ: 0.8, 0.45. ಯಾವುದು ದೊಡ್ಡದು? ಬೇಕೆಂದೇ ಆರಿಸಿದ ಜೋಡಿ. ನಲವತ್ತೈದು ಎಂಟಕ್ಕಿಂತ ದೊಡ್ಡದು ಎಂದುಕೊಂಡು ಮಕ್ಕಳು ಬೀಳುವ ಗುಂಡಿ ಇದು ಎಂದು ಓದಿದ್ದ. ಆ ಗುಂಡಿಯ ಅಂಚಿನಲ್ಲೇ ನಿಂತು ಯಾರು ಬಿದ್ದರು ಯಾರು ಉಳಿದರು ಎಂದು ನೋಡಬೇಕಿತ್ತು. "ತೋರಿಸಿ," ಎಂದ. ಸ್ಲೇಟುಗಳು ಒಮ್ಮೆಲೇ ಮೇಲೆದ್ದವು, ಹಕ್ಕಿಗಳ ಹಿಂಡು ಎದ್ದ ಹಾಗೆ, ಸರ್ರೆಂದು. 0.8, 0.8, 0.8. ಒಂದೂ ತಪ್ಪಿಲ್ಲ. ಅವನ ಎದೆ ಬಿರಿಯುವಂತಾಯಿತು. ಹತ್ತನೇ ಒಂದು, ನೂರನೇ ಒಂದು ಎಂದು ನಿನ್ನೆ ಮೊನ್ನೆ ಪಟ್ಟಿ ಬಿಡಿಸಿದ್ದು ಹತ್ತಿದೆ ಇವರಿಗೆ! ಎರಡನೆಯದು, 0.6 ಮತ್ತು 0.35. ಬರೆಯಿರಿ, ಎದೆಗೊತ್ತಿಕೊಳ್ಳಿ, ತೋರಿಸಿ. ಮತ್ತೆ ಹಕ್ಕಿಗಳು. ಮತ್ತೆ ಎಲ್ಲ ಸರಿ. ಮೇಡಂ ಅವರ ಪೆನ್ನು ಓಡುತ್ತಿತ್ತು. ಆ ಪೆನ್ನಿನ ಸದ್ದು ಅಷ್ಟು ದೂರದಿಂದ ಕೇಳುವುದು ಸಾಧ್ಯವಿರಲಿಲ್ಲ, ಆದರೂ ಕೇಳುತ್ತಿತ್ತು. ಸಂಜೆ ಮನೆಯ ಬಾಗಿಲಲ್ಲಿ ಏನೂ ಹೇಳದೆ ಸುಮ್ಮನೆ ನಿಲ್ಲಬೇಕು, ಮುಖ ನೋಡಿಯೇ ಹೆಂಡತಿಗೆ ಗೊತ್ತಾಗಬೇಕು, ಅವಳು ಆ ಇನ್ನೊಂದು ಪಾಳಿಯನ್ನು ನಾಳೆಯಿಂದಲೇ ಬಿಟ್ಟುಬಿಡಲಿ, ಮಧ್ಯಾಹ್ನ ಹನ್ನೆರಡರವರೆಗೆ ಮಲಗಲಿ, ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹಾಕಿಸುತ್ತೇನೆ, ಕಡು ನೀಲಿಯದು, ಎಂದೆಲ್ಲ ಯೋಚಿಸುತ್ತ ಮೂರನೆಯ ಜೋಡಿ ಬರೆಯಲು ಸೀಮೆಸುಣ್ಣ ಎತ್ತಿದ.

ಮೊದಲ ಬೆಂಚಿನ ಎರಡು ಜಡೆಯವಳು ಆಗಲೇ ಸ್ಲೇಟನ್ನು ಎದೆಗೊತ್ತಿಕೊಂಡು ಕೂತಿದ್ದಳು. ಒತ್ತಿಕೊಂಡದ್ದು ಸ್ವಲ್ಪ ಓರೆಯಾಗಿತ್ತು. ಅದರ ಮೇಲೆ ಗುಂಡಗೆ, ಮುದ್ದಾಗಿ, 0.9 ಎಂದು ಬರೆದಿತ್ತು.

ಅವನಿನ್ನೂ ಹಲಗೆಯ ಮೇಲೆ ಏನನ್ನೂ ಬರೆದಿರಲಿಲ್ಲ. 0.9 ಮತ್ತು 0.125 ಎಂಬುದು ಅವನ ತಲೆಯಲ್ಲಿತ್ತು, ಜೇಬಿನಲ್ಲಿ ಮಡಚಿಟ್ಟ ಪಾಠಯೋಜನೆಯಲ್ಲಿತ್ತು, ಮತ್ತೆಲ್ಲೂ ಇರಬಾರದಾಗಿತ್ತು. ಸೀಮೆಸುಣ್ಣ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ನಿನ್ನೆ ಮಧ್ಯಾಹ್ನ ಮೆಟ್ಟಿಲಿಳಿಯುವಾಗ, "ಅಂಕಲ್, ಒಂದ್ನಿಮಿಷ ನಿಮ್ ಪ್ಲಾನ್ ಕೊಡಿ, ನೋಡ್ಕೊಡ್ತೀನಿ," ಎಂದು ಗಡಿಬಿಡಿ ಕಸಿದುಕೊಂಡದ್ದು, ಉದ್ದಣ್ಣ ಗೋಡೆಯ ಕಡೆ ತಿರುಗಿದ್ದು. ಹಿಂದಿನ ಬೆಂಚಿಗೆ ಕಣ್ಣು ಹಾಯಿಸಿದ. ಗಡಿಬಿಡಿ ದುಪಟ್ಟಾದ ತುದಿ ಕಚ್ಚಿಕೊಂಡು, ಮಗು ಮೊದಲ ಹೆಜ್ಜೆ ಇಡುವುದನ್ನು ನೋಡುವ ತಾಯಿಯ ಹಾಗೆ ಅವನನ್ನೇ ನೋಡುತ್ತಿದ್ದಳು. ಕೋಪ ಬರಬೇಕಿತ್ತು. ಬಂದದ್ದು ಬೇರೇನೋ. ಮೊದಲು ಹೊಟ್ಟೆಯೊಳಗಿನ ಗಾಳಿ ಪುಸ್ಸೆಂದು ಇಳಿದು ನಾಚಿಕೆಯಾಯಿತು: ಅಯ್ಯೋ, ನನ್ನದಲ್ಲ ಇದು, ಈ ಹಕ್ಕಿಗಳು ನಾನು ಹಾರಿಸಿದವಲ್ಲ. ಅದರ ಬೆನ್ನಿಗೇ ಒಂದು ಸಣ್ಣ ಜಾಣತನ ಕಿವಿಯಲ್ಲಿ ಉಸುರಿತು: ಆದರೇನಂತೆ? ನೀನು ಹೇಳಿಸಿದೆಯಾ? ಮೇಡಂಗೆ ಗೊತ್ತಿಲ್ಲ, ಮಕ್ಕಳು ಖುಷಿಯಾಗಿದ್ದಾರೆ, ಇನ್ನೊಂದೇ ಜೋಡಿ, ಆಮೇಲೆ ಕೈ ಧೂಳು ಕೊಡವಿಕೊಂಡರೆ ಮುಗಿಯಿತು. ನೀಲಿ ಪರದೆ. ಬರೆ 0.9, ಬರೆ 0.125. ಕೈ ಹಲಗೆಯನ್ನು ಮುಟ್ಟಿತು. ಮುಟ್ಟಿದ ಕೈಗೆ ಒಂದು ತುರಿಕೆ ಹತ್ತಿತು. ನ್ಯಾಯ ಅನ್ಯಾಯದ ತುರಿಕೆಯಲ್ಲ ಅದು. ಅಷ್ಟು ದೊಡ್ಡ ಮನುಷ್ಯ ತಾನಲ್ಲ ಎಂದು ಅವನಿಗೆ ಗೊತ್ತಿತ್ತು. ಮುಚ್ಚಿದ ಪಾತ್ರೆಯ ಮುಂದೆ ನಿಂತವನಿಗೆ ಆಗುವಂಥದ್ದು. ಇವರಿಗೆ ಗೊತ್ತಿದೆಯೋ ಇಲ್ಲವೋ? ಈ ಇಷ್ಟು ತಲೆಗಳ ಒಳಗೆ ಈಗ, ಈ ಬಿಸಿಲಿನಲ್ಲಿ, ಏನಿದೆ? ತಿಳಿಯದೆ ಮನೆಗೆ ಹೋಗುವುದು ಹೇಗೆ? ಕೈ ತಾನಾಗಿಯೇ ಬರೆಯಿತು: 0.4, 0.65.

ಮಕ್ಕಳು ಹಲಗೆ ನೋಡಿದರು. ಎರಡು ಜಡೆಯವಳು ತನ್ನ 0.9 ಅನ್ನು ನೋಡಿಕೊಂಡಳು, ಮೋಸ ಮಾಡಿದವರನ್ನು ನೋಡುವ ಹಾಗೆ ಮೇಷ್ಟರನ್ನು ನೋಡಿದಳು, ಅಂಗೈಯಿಂದ ಒರೆಸಿದಳು. ಸೀಮೆಸುಣ್ಣಗಳ ಕೀಚು ಸದ್ದು. "ತೋರಿಸಿ."

0.4. ಅದರ ಪಕ್ಕ 0.4. ಅದರ ಹಿಂದೆ 0.4. ಸಾಲು ಸಾಲಾಗಿ, ಬಾಗಿಲಿಂದ ಕಿಟಕಿಯವರೆಗೆ, ಎಷ್ಟು ಧೈರ್ಯವಾಗಿ ಎತ್ತಿ ಹಿಡಿದಿದ್ದರು ಆ ತಪ್ಪನ್ನು! ಹಿಂದಿನ ಬೆಂಚಿನಲ್ಲಿ ಗಡಿಬಿಡಿಯ ಬಾಯಿಂದ ದುಪಟ್ಟಾ ಬಿತ್ತು. ಮೇಡಂ ಅವರ ಪೆನ್ನು ನಿಂತಿತು. ಅಂಗಡಿಯ ಬಾಗಿಲು ಅವನ ಬೆನ್ನ ಹಿಂದೆ ಕಿರ್ರೆಂದು ಇನ್ನಷ್ಟು ತೆರೆಯಿತು. ಮರುಗಳಿಗೆಯಲ್ಲಿ, ಎಲ್ಲಿಂದಲೋ, ಭಾನುವಾರದ ಮಗಳ ದನಿ ಬಂತು. ಪಾಠಯೋಜನೆಯ ಮೂರೂ ಪ್ರಶ್ನೆಗಳನ್ನು ಅವಳಿಗೆ ಕೇಳಿದ್ದ, ಮೂರನ್ನೂ ಸರಿ ಹೇಳಿದ್ದಳು, ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ "ನೋಡೇ ಇಲ್ಲಿ ನಿನ್ನ ಮಗಳನ್ನ" ಎಂದು ಅಡುಗೆಮನೆಗೆ ಕೂಗಿದ್ದ. ತಿರುಗುತ್ತಿರುವಾಗಲೇ ಅವಳು ನಗುತ್ತ ಹೇಳಿದ್ದಳು, "ಅದೇನ್ ಮಹಾ ಅಪ್ಪಾ, ಪುಟ್ಟದಾಗಿರೋದನ್ನ ಆರ್ಸಿದ್ರೆ ಆಯ್ತು." ಹೇಳಿದ್ದಳು! ಕಿವಿಯ ಪಕ್ಕದಲ್ಲೇ ಹೇಳಿದ್ದಳು! ತನ್ನ ಮೂರು ಜೋಡಿಯಲ್ಲೂ ಅಂಕಿ ಕಡಿಮೆ ಇರುವುದೇ ದೊಡ್ಡದು. ಏನೂ ಅರ್ಥವಾಗದವನೂ ಚಿಕ್ಕದಾಗಿ ಕಾಣುವುದನ್ನು ಆರಿಸಿ ಮೂರಕ್ಕೆ ಮೂರೂ ಸರಿ ಮಾಡಬಹುದು. ಗಡಿಬಿಡಿ ನಿನ್ನೆ ಬರದೇ ಇದ್ದಿದ್ದರೂ ಈ ಪ್ರಶ್ನೆಗಳು ತೂತೇ. ಜಾಣರ ನೀರನ್ನೂ ಪೆದ್ದರ ನೀರನ್ನೂ ಒಟ್ಟಿಗೆ ಸೋರಿಸುವ ತೂತು. ಅದು ಹೊಳೆದ ಕೂಡಲೇ ಅವನಿಗೆ ಆದದ್ದು ದುಃಖವಲ್ಲ. ಕತ್ತಲಲ್ಲಿ ತಡಕುತ್ತಿದ್ದ ಕೈಗೆ ಸ್ವಿಚ್ಚು ಸಿಕ್ಕ ಹಾಗೆ ಮೈ ಜುಮ್ಮೆಂದಿತು. ಇಷ್ಟು ಮಕ್ಕಳು, ಒಂದೇ ತಪ್ಪು! ಒಂದೇ! ಈಗ ಗೊತ್ತು ಇವರು ಎಲ್ಲಿದ್ದಾರೆ ಅಂತ!

"ಯಾಕೆ?" ಎಂದ.

ಯಾರೂ ಮಾತಾಡಲಿಲ್ಲ. ಅಂಗಡಿಯಲ್ಲಿ ಮೌನವೆಂದರೆ ಗಿರಾಕಿ ಎದ್ದುಹೋಗುವ ಮುನ್ಸೂಚನೆ. ಮೌನ ಬಿದ್ದಲ್ಲೆಲ್ಲ ಇನ್ನೊಂದು ಥಾನು ಬಿಚ್ಚುವುದು ಅವನ ರಕ್ತಕ್ಕೆ ಇಳಿದುಹೋಗಿತ್ತು. ನಾಲಿಗೆಯ ತುದಿಯಲ್ಲಿ ಒಳ್ಳೊಳ್ಳೆಯ ಉದಾಹರಣೆಗಳು ಕ್ಯೂ ನಿಂತಿದ್ದವು. ಒಂದು ಮೀಟರ್ ಬಟ್ಟೆ, ಅದರಲ್ಲಿ ನಲವತ್ತು ಸೆಂಟಿಮೀಟರ್, ಅದರಲ್ಲಿ ಅರವತ್ತೈದು, ತೋಳು ಚಾಚಿ ತೋರಿಸಿದರೆ ಅರೆಗಳಿಗೆಯ ಕೆಲಸ, ಎಲ್ಲರೂ "ಆಯ್ತೂ ಸಾರ್" ಎನ್ನುತ್ತಾರೆ. ನಾಲಿಗೆಯನ್ನು ಹಲ್ಲಿನಡಿ ಇಟ್ಟು ಒತ್ತಿದ. ನಿಜವಾಗಿಯೂ ನೋವಾಯಿತು. ಯಾರದೋ ಮೂಗು ಸೊರ್ ಎಂದಿತು. ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಬೀಗದ ಕೈ ಹೆಂಡತಿಯ ಹತ್ತಿರ ಇದೆ ಎಂದುಕೊಂಡ.

"ಉದ್ದ ಇರೋದು ಚಿಕ್ಕದು ಸಾರ್," ಎಂದಳು ಕೊನೆಗೆ ಎರಡು ಜಡೆಯವಳು, ಇಷ್ಟೂ ಗೊತ್ತಿಲ್ಲವೇ ಎನ್ನುವ ದನಿಯಲ್ಲಿ. "ಅಕ್ಕ ಹೇಳಿಕೊಟ್ಟಿದ್ದಾರಲ್ಲ ನಿನ್ನೆ."

"ಏಯ್, ಹೇಳ್ಬಾರ್ದು ಅಂದಿದ್ರು ಕಣೇ!" ಎಂದು ಪಕ್ಕದವಳು ತಿವಿದಳು.

ಇಡೀ ತರಗತಿ ಹಿಂದಕ್ಕೆ ತಿರುಗಿ ಅಕ್ಕನನ್ನು ನೋಡಿತು. ಗಡಿಬಿಡಿ ಅಕ್ಕ ದುಪಟ್ಟಾದ ಹಿಂದೆ ಅಡಗಲು ನೋಡಿದಳು. ಉದ್ದಣ್ಣ ತಾನೇ ಎಲ್ಲಿ ಅಡಗುವುದೆಂದು ನೋಡುತ್ತಿದ್ದ. ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು, ಯಾರನ್ನೂ ನೋಡದೆ, ಬಹಳ ನಿಧಾನವಾಗಿ. ಮುಗಿಯಿತು ಎಂದುಕೊಂಡ ಅವನು. ಹಾಗೆಂದುಕೊಂಡದ್ದೇ ಎಂಥದೋ ಹಗುರ ಬಂತು ಮೈಗೆ. ಇನ್ನು ಕಳೆದುಕೊಳ್ಳುವುದೇನೂ ಉಳಿದಿಲ್ಲ, ಗಂಟೆ ಹೊಡೆಯುವವರೆಗೆ ಈ ಮಕ್ಕಳು ನನ್ನವು.

"ಅಕ್ಕ ಹೇಳಿದ್ದು ಇರ್ಲಿ. ಎಲ್ರೂ ನಾಲ್ಕೇ ಬರ್ದಿದ್ದೀರಾ?"

"ನಾನು ಅರವತ್ತೈದು ಸಾರ್!" ಎರಡನೇ ಸಾಲಿನ ಗುಂಗುರು ಕೂದಲಿನವನು ಬೆಂಚಿನ ಮೇಲೇ ಹತ್ತಿ ನಿಂತು ಸ್ಲೇಟು ಬೀಸಿದ. "ನಂದು ಬೇರೆ!"

"ಅವ್ನು ನಿನ್ನೆ ಬಂದಿರ್ಲಿಲ್ಲ ಸಾರ್, ಅವ್ನಿಗೇನೂ ಗೊತ್ತಿಲ್ಲ. ಆಗ್ಲಿಂದ ನನ್ನದೇ ನೋಡಿ ಬರೀತಿದ್ದ. ಈಗ ಮುಚ್ಕೊಂಡೆ ನಾನು," ಎಂದ ಅವನ ಪಕ್ಕದ ಹುಡುಗ.

"ಇಳಿದು ಹೇಳಪ್ಪ. ಯಾಕೆ ಅರವತ್ತೈದು?"

"ನಾಲ್ಕಕ್ಕಿಂತ ಅರವತ್ತೈದು ದೊಡ್ಡದಲ್ವಾ ಸಾರ್? ನಾಲ್ಕು ಎಲ್ಲಿ, ಅರವತ್ತೈದು ಎಲ್ಲಿ!"

ಅವನಿಗೆ ಜೋರಾಗಿ ಕೇಕೆ ಹಾಕಬೇಕೆನ್ನಿಸಿತು. ಕೋಣೆಯಲ್ಲಿ ಸರಿಯುತ್ತರ ಇರುವುದು ಒಂದೇ ಸ್ಲೇಟಿನಲ್ಲಿ, ಅದೂ ತಪ್ಪು ಕಾರಣಕ್ಕೆ! ಇದನ್ನು ಯಾವ ಪರೀಕ್ಷೆಯ ಹಾಳೆಯಲ್ಲಿ ನೋಡಲು ಸಾಧ್ಯ? ಅಲ್ಲಿ ಇವನಿಗೆ ಪೂರ್ತಿ ಅಂಕ, ಮಿಕ್ಕವರಿಗೆಲ್ಲ ಸೊನ್ನೆ, ಎಲ್ಲರೂ ಇದ್ದಲ್ಲೇ ಇರುತ್ತಿದ್ದರು. "ಸರಿ," ಎಂದ, "ನೀನು ಒಂದು ಹೇಳ್ತಿದ್ದೀಯ, ಇವ್ರೆಲ್ಲ ಒಂದು ಹೇಳ್ತಿದ್ದಾರೆ. ಇಬ್ರೂ ಸರಿ ಇರೋಕಾಗಲ್ಲ. ಪಕ್ಕದವ್ರ ಜೊತೆ ಜಗಳ ಆಡಿ. ಹೊಡ್ಕೋಬೇಡಿ, ಬಾಯಲ್ಲಿ ಆಡಿ. ಪಟ್ಟಿ ಬೇಕಾದ್ರೆ ಬಿಡಿಸ್ಕೊಳ್ಳಿ." ಕೋಣೆ ಒಮ್ಮೆಲೇ ಹೊತ್ತಿಕೊಂಡಿತು. ಅವನು ಬೆಂಚುಗಳ ನಡುವೆ ಬಾಗಿ ಬಾಗಿ ನಡೆದ, ಕಿವಿ ಕೊಟ್ಟ, ಏನನ್ನೂ ಹೇಳಲಿಲ್ಲ. ಒಬ್ಬಳು ಹೇಳುತ್ತಿದ್ದಳು ಪಾಯಿಂಟ್ ಆದಮೇಲೆ ಎಲ್ಲ ಉಲ್ಟಾ ಆಗುತ್ತದೆ ಎಂದು. ಒಬ್ಬ ನಾಲ್ಕನ್ನೂ ಆರನ್ನೂ ಐದನ್ನೂ ಕೂಡಿಸಿಟ್ಟುಕೊಂಡು ಮುಂದೇನೆಂದು ತಿಳಿಯದೆ ಕೂತಿದ್ದ. ಇಷ್ಟೆಲ್ಲ ಇತ್ತೇ ಇವರೊಳಗೆ! ಮೊದಲ ಪಾಠದಲ್ಲಿ ತಾನು ಸೀರೆ ಬಿಚ್ಚಿ ಮೆರೆಸುತ್ತಿದ್ದಾಗಲೂ ಇದೆಲ್ಲ ಹೀಗೇ ಇತ್ತೇ, ಈ ಕಣ್ಣುಗಳ ಹಿಂದೆ, ತುಂಬಿ ತುಳುಕುತ್ತ, ಯಾರೂ ಕೇಳದೆ? ಎರಡು ಜಡೆಯವಳು ಹಠದಿಂದ ಒಂದು ಉದ್ದ ಪಟ್ಟಿ ಬಿಡಿಸಿ ಹತ್ತು ಮನೆ ಮಾಡಿದ್ದಳು. ನಾಲ್ಕು ಮನೆಗೆ ಸೀಮೆಸುಣ್ಣ ಬಳಿದಳು. ಕೆಳಗೆ ಇನ್ನೊಂದು ಪಟ್ಟಿ. ಆರು ಮನೆಗೆ ಬಳಿದಳು, ಏಳನೆಯದರಲ್ಲಿ ನಿಂತಳು, ಅರ್ಧಕ್ಕೆ ಬಳಿದಳು. ಕೈ ಅಲ್ಲೇ ನಿಂತಿತು. ಈಗ ಒಂದು ಮಾತು ಹೇಳಿದರೆ ಅದು ಅವಳದ್ದಾಗಿ ಉಳಿಯುವುದಿಲ್ಲ. ಅವಳ ಕಿವಿಯ ಹಿಂದೆ ಒಂದು ಕೂದಲೆಳೆ ಬೆವರಿಗೆ ಅಂಟಿತ್ತು. ಅವಳು ಮೇಲಿನ ಪಟ್ಟಿ ನೋಡಿದಳು, ಕೆಳಗಿನದು ನೋಡಿದಳು, ಇನ್ನೊಮ್ಮೆ ಮೇಲಿನದು.

"ಅಯ್ಯೋ," ಎಂದಳು. "ಇದು ನಾಲ್ಕೇ. ಇದು ಆರು ಚಿಲ್ಲರೆ." ತಟ್ಟನೆ ಹಿಂದಕ್ಕೆ ತಿರುಗಿ, ಇಡೀ ಕೋಣೆಗೆ ಕೇಳುವ ಹಾಗೆ, "ಅಕ್ಕಾ! ನೀವು ಹೇಳಿದ್ದು ತಪ್ಪು!"

"ಹೌದು ಕಣೇ ಮಾರಾಯ್ತಿ," ಎಂದಳು ಗಡಿಬಿಡಿ ಅಳುವ ದನಿಯಲ್ಲಿ. ತರಗತಿಗೆ ತರಗತಿಯೇ ಹೋ ಎಂದು ನಕ್ಕಿತು. ಅಷ್ಟರಲ್ಲಿ ಗಂಟೆ. ಅರ್ಧ ಮಕ್ಕಳು ಇನ್ನೂ ಒಪ್ಪಿರಲಿಲ್ಲ. ಗುಂಗುರು ಕೂದಲಿನವನು ತಾನು ಮೊದಲೇ ಹೇಳಿದ್ದೆ ಎಂದು ಊರಿಗೆಲ್ಲ ಸಾರುತ್ತಿದ್ದ, ಪಾಠಯೋಜನೆಯ ಕೊನೆಯ ಎರಡು ಭಾಗ ಜೇಬಿನಲ್ಲೇ ಉಳಿದಿತ್ತು. ಮಕ್ಕಳಿಗೆಲ್ಲ ಒಂದೊಂದು ಚೂರು ಕಾಗದ ಹಂಚಿ, ನಿಮಗಿನ್ನೂ ಸರಿ ಕೂತಿಲ್ಲ ಅನ್ನಿಸಿದ್ದು ಒಂದು ಬರೆದು ಮೇಜಿನ ಮೇಲಿಟ್ಟು ಹೋಗಿ ಎಂದ. ತಳ್ಳಾಡುತ್ತ, ಒಬ್ಬರ ಬೆನ್ನ ಮೇಲೆ ಒಬ್ಬರು ಕಾಗದವಿಟ್ಟು ಬರೆಯುತ್ತ ಹೋದರು.

ಕಾರಿಡಾರಿನ ಕಟ್ಟೆಯ ಮೇಲೆ ಚೀಟಿಗಳನ್ನು ರಾಶಿ ಹಾಕಿಕೊಂಡು ಕೂತ. ಬೆನ್ನಿಗೆ ಅಂಗಿ ಅಂಟಿತ್ತು. ಗಡಿಬಿಡಿ ಬಂದು ಎದುರು ನಿಂತಳು. ಅವಳು ನಿಂತದ್ದನ್ನು ಅವನು ನೋಡಿದ್ದು ಅದೇ ಮೊದಲು. "ಅಂಕಲ್, ನಾನೇ ಹಾಳ್ ಮಾಡ್ದೆ. ನಿಮ್ಮನ್ನ ಪಾಸ್ ಮಾಡ್ಸೋಣ ಅಂತ ಹೋಗಿ... ಮೇಡಂ ಹತ್ರ ನಾನೇ ಹೇಳ್ತೀನಿ, ನಿಮ್ದೇನೂ ತಪ್ಪಿಲ್ಲ ಅಂತ." "ತಪ್ಪಿಲ್ಲ ಅಂದ್ರೆ?" ಎಂದ ಅವನು. "ನನ್ನ ಪ್ರಶ್ನೆಗಳೇ ತೂತು ಮಾರಾಯ್ತಿ. ನೀನು ಹೇಳ್ಕೊಟ್ಟಿದ್ದಕ್ಕೇ ಸಿಕ್ಕಿಬಿತ್ತು. ಬಾ, ಕೂತ್ಕೋ, ಇದನ್ನ ವಿಂಗಡಿಸು. ಗೊತ್ತಾದವ್ರು ಈ ಕಡೆ, ಅರೆಬರೆ ಆ ಕಡೆ." ಉದ್ದಣ್ಣ ಆಗಲೇ ನೆಲದ ಮೇಲೆ ಕಾಲು ಚಾಚಿ ಕೂತು ಒಂದು ಹಿಡಿ ಎತ್ತಿಕೊಂಡಿದ್ದ. ಫೋನು ಬಡಿದುಕೊಂಡಿತು. ಹೆಂಡತಿ. ಮಲಗದೆ ಕಾದಿದ್ದಳು.

"ಏನಾಯ್ತು ರೀ?"

"ಅಯ್ಯೋ ಕೇಳು, ಒಬ್ಬ ಹುಡುಗ ಇದಾನೆ, ಅವ್ನೊಬ್ಬಂದೇ ಸರಿ, ಆದ್ರೆ ಸರಿ ಅಲ್ಲ, ಯಾಕೆ ಗೊತ್ತಾ..."

"ಅದಿರ್ಲಿ. ಪಾಸಾ?"

"ಇಲ್ಲ ಅನ್ಸುತ್ತೆ ಕಣೇ. ಪಾಠ ಮುಗೀಲೇ ಇಲ್ಲ. ಮಕ್ಕಳಿಗೆ ಮೊದ್ಲೇ ಹೇಳ್ಕೊಟ್ಟಿದ್ರು ಅಂತ ಎಲ್ರ ಮುಂದೆ ಗೊತ್ತಾಯ್ತು."

"ಮತ್ತೆ ಯಾಕ್ರೀ ನಗ್ತಾ ಇದ್ದೀರಾ?"

"ನಗ್ತಿದ್ದೀನಾ?"

"ನಗ್ತಿದ್ದೀರ." ಆ ಕಡೆಯಿಂದ ಅವಳ ಉಸಿರು ಕೇಳಿಸಿತು, ದಣಿದ ಉಸಿರು, ಅದರ ಕೊನೆಯಲ್ಲಿ ಸಣ್ಣಗೆ ಏನೋ ಸಡಿಲವಾಯಿತು. "ಏನಾದ್ರೂ ಆಗ್ಲಿ. ಈ ದನಿ ಅಂಗಡಿಯಿಂದ ಒಂದಿನಾನೂ ಮನೆಗೆ ಬಂದಿರ್ಲಿಲ್ಲ. ಮಲಗ್ತೀನಿ ನಾನು. ಸಂಜೆ ಆ ಹುಡುಗನ ಕತೆ ಹೇಳಿ." ಇನ್ನೊಂದು ವರ್ಷ ಅವಳು ಇನ್ನೊಬ್ಬರ ಪಾಳಿ ಮಾಡಬೇಕಾಗುತ್ತದೆಯೇ, ಅಷ್ಟಕ್ಕೂ ಇನ್ನೊಂದು ವರ್ಷವೆಂಬುದು ಇದೆಯೇ, ಎಂದು ಆಗ ಮಾತ್ರ, ಆಗ ಮೊದಲ ಸಲ, ಎದೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಕಣ್ಣೆತ್ತಿದರೆ ಮೇಡಂ ನಿಂತಿದ್ದರು.

"ಏನಮ್ಮ, ಅಕ್ಕ?" ಎಂದರು ಗಡಿಬಿಡಿಗೆ. ಅವಳು ಕಲ್ಲಾದಳು. "ನಾಳೆ ನೀನು ಅದೇ ಮಕ್ಕಳ ಮುಂದೆ ನಿಂತು, ಅದು ಯಾಕೆ ತಪ್ಪು ಅಂತ ಅವ್ರಿಂದ್ಲೇ ಹೇಳಿಸ್ಕೊಂಡು ಬರ್ಬೇಕು. ಅದೇ ನಿಂಗೆ ಶಿಕ್ಷೆ." ಆಮೇಲೆ ಇವನ ಪಕ್ಕದ ಚೀಟಿಗಳನ್ನು ಸರಿಸಿ, ಅವನ ಹಾಗೆಯೇ ಕಟ್ಟೆಯ ಮೇಲೆ ಕೂತರು. ಕೂತರೆ ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅರೆಬರೆಯವರ ರಾಶಿಯಿಂದ ಒಂದೊಂದೇ ಎತ್ತಿ ಓದತೊಡಗಿದರು. ಅವನು ತೀರ್ಪಿಗೆ ಕಾದ. ಅವರು ಓದುತ್ತಲೇ ಇದ್ದರು. ಕಾದು ಕಾದು, ಕಾಯುವುದನ್ನು ಬಿಟ್ಟು ಅವನೂ ಒಂದು ಚೀಟಿ ಎತ್ತಿಕೊಂಡ. ಓರೆಯಾದ ಅಕ್ಷರ, ಎರಡು ಕಡೆ ಹೊಡೆದು ಹಾಕಿ ಬರೆದದ್ದು: 'ಸಾರ್ 0.4 ಆದ ಮೇಲೆ ನಾನು ಒಂದು ಸೊನ್ನೆ ಹಾಕಿದರೆ ಅದು ಬೆಳೆಯುತ್ತಾ ಸಾಯುತ್ತಾ ಹಾಗೇ ಇರುತ್ತಾ?' ಮತ್ತೊಮ್ಮೆ ಓದಿದ. ಬೆಳೆಯುತ್ತಾ ಸಾಯುತ್ತಾ! ಇದನ್ನು ನಾಳೆ ಹಲಗೆಯ ಮೇಲೆ ಹೀಗೇ ಬರೆಯಬೇಕು, ಇದೇ ಮಾತಿನಲ್ಲಿ. ಬೆಳೆಯುತ್ತೆ ಅನ್ನುವವರು ಎಷ್ಟು ಜನ, ಸಾಯುತ್ತೆ ಅನ್ನುವವರು ಎಷ್ಟು ಜನ, ಆ ಎರಡು ಜಡೆಯವಳು ಯಾವ ಕಡೆ, ಆ ಗುಂಗುರು ಕೂದಲಿನವನು ಬೆಂಚು ಹತ್ತುತ್ತಾನೋ ಇಲ್ಲವೋ.

"ನಾಳೆ ನಾನು ಬರಲ್ಲ," ಎನ್ನುತ್ತಿದ್ದರು ಮೇಡಂ, ಚೀಟಿಯಿಂದ ಕಣ್ಣೆತ್ತದೆ. "ಇನ್ಮೇಲೆ ಹಿಂದೆ ಕೂತು ನಿಮ್ಮನ್ನ ನೋಡೋರು ಬೇಕಾಗಿಲ್ಲ. ಆಗಬಹುದು ಅಂತ ಆಫೀಸಿಗೆ ಬರೆದು ಕೊಟ್ಟು ಬಂದೆ. ಪ್ರಶ್ನೆ ಮಾಡೋದು ಇನ್ನೂ ಕಲೀಬೇಕು ನೀವು, ಮೂರೂ ಒಂದೇ ಥರ ಯಾರಾದ್ರೂ ಇಡ್ತಾರೇನ್ರೀ? ಆದ್ರೆ ಅದನ್ನ ಮಕ್ಕಳು ಕಲಿಸ್ತಾರೆ ಬಿಡಿ."

ಗಡಿಬಿಡಿ ಕಿಟಾರನೆ ಕಿರುಚಿದಳು. ಉದ್ದಣ್ಣ ಗೋಡೆಯ ಕಡೆ ತಿರುಗದೆಯೇ ನಕ್ಕ. ಚೀಟಿಯಲ್ಲಿ ಮುಳುಗಿದ್ದ ಅವನಿಗೆ ಮಾತಿನ ಕೊನೆಯ ತುಂಡಷ್ಟೇ ಕಿವಿಗೆ ಬಿದ್ದಿತ್ತು.

"ಏನಂದ್ರಿ ಮೇಡಂ?"

ಅವರು ಅವನ ಮುಖ ನೋಡಿದರು, ಅವನ ಕೈಯಲ್ಲಿದ್ದ ಚೀಟಿ ನೋಡಿದರು.

"ಆಮೇಲೆ ಹೇಳ್ತೀನಿ," ಎಂದರು. "ಮೊದ್ಲು ಅದರಲ್ಲೇನಿದೆ ಓದಿ."